ಹಾಯಿಯೊಳಗಿನ ಗಾಳಿ

ಕಡಲಿನ ತೈಲಚಿತ್ರ ಎದುರಾದರೆ ನಾನು ಮೊದಲು ನೋಡುವುದು ಬಾವುಟವನ್ನು. ಆಮೇಲೆ ಹಾಯಿ, ಆಮೇಲೆ ಅಲೆ. ಮೂರೂ ಒಂದೇ ಗಾಳಿಗೆ ಒಪ್ಪಿ ನಿಂತಿದ್ದರೆ ಬರೆದವರು ಕಡಲನ್ನು ಬಲ್ಲವರು ಎಂದು ನಂಬುತ್ತೇನೆ. ಗಾಳಿಗೆ ಬಣ್ಣವಿಲ್ಲ, ಅದು ಮಾಡಿದ ಕೆಲಸವನ್ನಷ್ಟೇ ಬಿಡಿಸಬಹುದು.

ಸ್ಯಾನ್ ಡಿಯಾಗೋದ ಪಾಯಿಂಟ್ ಲೋಮಾದಲ್ಲಿ, ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯೊಂದರಲ್ಲಿ, ಅಂಥ ಚಿತ್ರ ನೋಡಿದೆ. ಹಳೆಗಾಲದ ಎರಡು ಪಂದ್ಯದ ಯಾಟ್‌ಗಳು ಒಂದರ ಬೆನ್ನಿಗೊಂದು ವಾಲಿಕೊಂಡು ಓಡುತ್ತಿವೆ. ಮುಂದಿನದರ ಒಂದು ಅಂಚು ನೀರಿನಲ್ಲೇ ಇದೆ. ಚಿಕ್ಕ ಹಾಯಿಯ ನೆರಳು ದೊಡ್ಡ ಹಾಯಿಯ ಮೇಲೆ ಬಿದ್ದಲ್ಲಿ ಬೂದು ಬಳಿಯದೆ ತೆಳು ನೇರಳೆ ಹಚ್ಚಿದ್ದಾರೆ. ಹತ್ತಿಯ ಹಾಯಿಯ ಕೆನೆಬಣ್ಣ ಅದರಿಂದಲೇ ಬೆಳಗುತ್ತದೆ. ಅಲೆಯ ನೆತ್ತಿಯಲ್ಲಿ ಬಿಸಿಲು ತೂರಿ ಬರುವ ಹಸಿರಂತೂ ಒಂದೇ ಸಲಕ್ಕೆ ಬರುವಂಥದ್ದಲ್ಲ. ತೆಳುವಾಗಿ ಹಚ್ಚಬೇಕು, ಒಣಗಲು ಬಿಡಬೇಕು, ಅದರ ಮೇಲೆ ಮತ್ತೆ ಹಚ್ಚಬೇಕು. ನೊರೆಯ ದಪ್ಪ ಬಿಳಿ ಎಲ್ಲಕ್ಕಿಂತ ಕೊನೆಗೆ.

ಈ ಚಿತ್ರವನ್ನು ಬರೀ ಗೋಡೆಯ ಅಲಂಕಾರ ಎನ್ನಲು ನನಗೆ ಮನಸ್ಸಿಲ್ಲ. ಅಂಥ ಹಳೆಯ ಯಾಟ್‌ಗಳಲ್ಲಿ ಎಷ್ಟೋ ಈಗ ಚಿತ್ರದಲ್ಲಷ್ಟೇ ಉಳಿದಿವೆ. 1930ರ ದಶಕದಲ್ಲಿ ಅಮೆರಿಕಾಸ್ ಕಪ್ ಎಂಬ ಯಾಟ್ ಪಂದ್ಯಕ್ಕೆ ಓಡಿದ, ಜೆ ಕ್ಲಾಸ್ ಎಂಬ ವರ್ಗದ ಯಾಟ್‌ಗಳಲ್ಲಿ ಕಟ್ಟಿದ್ದು ಹತ್ತು, ಉಳಿದದ್ದು ಮೂರು. ಆ ಮೂರೂ ಬ್ರಿಟನ್ನಿನವು. 1937ರಲ್ಲಿ ಕಪ್ ಗೆದ್ದ ರೇಂಜರ್ ನಾಲ್ಕೇ ವರ್ಷದಲ್ಲಿ ಗುಜರಿಗೆ ಹೋಯಿತು. ಅದೇ ಕಪ್‌ನ ಪಂದ್ಯ 1988, 1992, 1995ರಲ್ಲಿ ಸ್ಯಾನ್ ಡಿಯಾಗೋಗೆ ಬಂದಾಗ ಹಾಯಿಗೂ ಹತ್ತಿಗೂ ಸಂಬಂಧವೇ ಕಡಿದಿತ್ತು.

ಅದೃಷ್ಟವಂತ ದೋಣಿಯೂ ಒಂದಿದೆ, ಡೊರಾಡ್. ಯಾಟ್ ವಿನ್ಯಾಸಕ ಓಲಿನ್ ಸ್ಟೀಫನ್ಸ್ ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗ ರೂಪಿಸಿದ, ಐವತ್ತೆರಡು ಅಡಿಯ ಮರದ ಯಾಟ್, 1930ರಲ್ಲಿ ನೀರಿಗಿಳಿಯಿತು. ಲಾಸ್ ಏಂಜಲೀಸ್ ತೀರದಿಂದ ಹೊನೊಲುಲುವಿಗೆ ನಡೆಯುವ ಟ್ರಾನ್ಸ್‌ಪ್ಯಾಕ್ ಪಂದ್ಯವನ್ನು 1936ರಲ್ಲಿ ಗೆದ್ದಿತು. 2013ರಲ್ಲಿ, ಕಾರ್ಬನ್ ಫೈಬರಿನ ದೋಣಿಗಳ ನಡುವೆ, ಎಪ್ಪತ್ತೇಳು ವರ್ಷದ ಮೇಲೆ ಮತ್ತೆ ಗೆದ್ದಿತು! ದೋಣಿಗಳ ವೇಗದ ಅಂತರವನ್ನು ಲೆಕ್ಕಕ್ಕೆ ಹಿಡಿದು ಕೊಡುವ ಗೆಲುವು ಅದು, ನಿಜ. ಆದರೂ 2,225 ನಾಟಿಕಲ್ ಮೈಲಿಯನ್ನು ಮರದ ಮೈ ತಡೆದುಕೊಳ್ಳಬೇಕಲ್ಲ.

ಲಾಸ್ ಏಂಜಲೀಸಿನ ಸ್ಯಾನ್ ಪೆಡ್ರೋದ ಪಾಯಿಂಟ್ ಫರ್ಮಿನ್ ಬಳಿ ನಿಂತರೆ ಆ ಪಂದ್ಯ ಹೊರಡುವ ನೀರು ಕಾಣುತ್ತದೆ. ಬೇಸಿಗೆಯ ಬೆಳಿಗ್ಗೆ ಮೋಡ ಕವಿದು ಕಡಲು ಮಂಕಾಗಿರುತ್ತದೆ. ಮಧ್ಯಾಹ್ನ ಒಳನಾಡು ಕಾದಂತೆ ಪಡುವಣ ಗಾಳಿ ಏಳುತ್ತದೆ. ಕುಂದಾಪುರದ ಕಡೆ ಬೆಳೆದವರಿಗೆ ಇದು ಹೊಸದಲ್ಲ. ನಸುಕಿನ ನೆಲಗಾಳಿಗೆ ಹೊರಟು ಮಧ್ಯಾಹ್ನದ ಕಡಲಗಾಳಿಗೆ ದಡ ಸೇರುವುದು ಹಾಯಿಯ ಕಾಲದ ನಮ್ಮ ಮೀನುಗಾರರ ದಿನಚರಿ. ಮಂಗಳೂರು ಹಂಚು ಹೇರಿಕೊಂಡು ಊರೂರ ಬಂದರಿಗೆ ಹೋಗುತ್ತಿದ್ದ ಮಂಜಿ ಎಂಬ ಸರಕಿನ ಹಾಯಿದೋಣಿಗಳೂ ಇಂಥ ಗಾಳಿಯನ್ನೇ ನಂಬಿದ್ದವು.

ಆ ಮಂಜಿಗಳ ಒಂದು ಒಳ್ಳೆಯ ತೈಲಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಶ್ರೀಮಂತರು ಪಂದ್ಯಕ್ಕೆ ಕಟ್ಟಿಸಿದ ದೋಣಿಗೆ ಸಿಕ್ಕ ಈ ಗೌರವ ದುಡಿದ ದೋಣಿಗೂ ಸಲ್ಲಬೇಕು. ಗಂಗೊಳ್ಳಿ, ಮಲ್ಪೆಯ ಕಡೆ ಬಣ್ಣ ಹಿಡಿಯುವ ಮಕ್ಕಳು ಮಂಜಿಯನ್ನು ಬಿಡಿಸಲಿ. ಹಾಯಿ ಯಾವ ಗಾಳಿಗೆ ಎಷ್ಟು ಉಬ್ಬುತ್ತಿತ್ತು, ಹಗ್ಗ ಎಲ್ಲಿ ಬಿಗಿಯುತ್ತಿತ್ತು ಎಂದು ಕಟ್ಟಿ ಬಲ್ಲ ಹಿರಿಯರನ್ನು ಕೇಳಿ ಬಿಡಿಸಲಿ. ಕೇಳುವ ಕೆಲಸ ಮಾತ್ರ, ಆ ಹಿರಿಯರು ಇರುವಾಗಲೇ, ಈ ವರ್ಷವೇ ಆಗಬೇಕು.