ಬಾಗಿಲು ಮುಚ್ಚಿದ ಊರಿನ ಜಯಘೋಷ

ಆಟವನ್ನು ಆಡುವವರು ಕೆಲವರು, ನೋಡುವವರು ಹಲವರು. ಇವರಲ್ಲದೆ ಮೂರನೆಯ ಒಂದು ವರ್ಗವೂ ಉಂಟು. ಒಂದು ತಂಡವನ್ನು ತಮ್ಮದೆಂದು ಭಾವಿಸಿ, ಅದರ ಸೋಲುಗೆಲುವುಗಳನ್ನು ಮನೆಯ ಸುಖದುಃಖಗಳ ಲೆಕ್ಕಕ್ಕೆ ಸೇರಿಸಿಕೊಂಡವರು ಅವರು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಈ ವರ್ಗದ ಜನ ಬಹಳ. ಅಲ್ಲಿ ಫುಟ್‌ಬಾಲ್ ತಂಡವನ್ನು ಯಾರೂ ಅಂಗಡಿಯಲ್ಲಿ ಬಟ್ಟೆ ಆರಿಸಿದಂತೆ ಆರಿಸಿಕೊಳ್ಳುವುದಿಲ್ಲ. ಅದು ತಂದೆತಾಯಿಗಳಿಂದ ಮಕ್ಕಳಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಮನೆತನದ ಸೊತ್ತಿನಂತೆ ಇಳಿದು ಬರುತ್ತದೆ. ಸೊತ್ತಿನ ಜೊತೆಗೆ ಸಾಲವೂ ಇಳಿದು ಬರುವುದುಂಟಷ್ಟೆ. ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳಿಗೆ ಬಂದಿದ್ದು ಹೆಚ್ಚಾಗಿ ಇಂಥ ಸಾಲವೇ.

ಇಲ್ಲಿ ಫುಟ್‌ಬಾಲ್ ಎಂದಾಗ ಕನ್ನಡ ನಾಡಿನ ಮಕ್ಕಳು ಶಾಲೆಯ ಬಯಲಿನಲ್ಲಿ ಒದೆಯುವ ದುಂಡು ಚೆಂಡನ್ನು ನೆನೆಯಬಾರದು. ಆಸ್ಟ್ರೇಲಿಯದವರ ಈ ಆಟವೇ ಬೇರೆ. ಮೈದಾನ ಅಂಡಾಕಾರದ್ದು, ಚೆಂಡೂ ಅಂಡಾಕಾರದ್ದು. ಒಂದೊಂದು ಪಕ್ಷಕ್ಕೆ ಹದಿನೆಂಟು ಜನ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕಳುಹಿಸಬಹುದು. ಆದರೆ ಕೈಯಿಂದ ಎಸೆಯುವಂತಿಲ್ಲ. ಮೈದಾನದ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು ನಿಂತಿರುತ್ತವೆ. ಒದೆದ ಚೆಂಡು ನಡುವಣ ಎರಡು ಕಂಬಗಳ ಮಧ್ಯೆ ಹಾದುಹೋದರೆ ಗೋಲು, ಆರು ಅಂಕ. ಪಕ್ಕದ ಕಂಬಗಳ ನಡುವೆ ಹೋದರೆ ಒಂದೇ ಅಂಕ. ಗುರಿ ತಪ್ಪಿದವನಿಗೂ ಒಂದು ಅಂಕ ಕೊಡುವ ಉದಾರಬುದ್ಧಿ ಬೇರೆ ಎಷ್ಟು ಆಟಗಳಲ್ಲಿದೆ! ಎತ್ತರದಿಂದ ಬರುವ ಚೆಂಡನ್ನು ಹಿಡಿಯಲು ಆಟಗಾರರು ಒಬ್ಬರ ಹೆಗಲ ಮೇಲೊಬ್ಬರು ಹಾರುವುದನ್ನು ಮೊದಲ ಸಲ ಕಂಡವರು ಅದನ್ನು ಆಟವೆನ್ನಬೇಕೋ ದೊಂಬರಾಟವೆನ್ನಬೇಕೋ ತಿಳಿಯದೆ ಬೆರಗಾಗುತ್ತಾರೆ.

ಈ ಆಟ ಹುಟ್ಟಿದ್ದೇ ಮೆಲ್ಬರ್ನ್‌ನಲ್ಲಿ. ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ್ಡುಗಟ್ಟದಿರಲು ಒಂದು ಫುಟ್‌ಬಾಲ್ ಕೂಟ ಬೇಕೆಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರ ಜುಲೈಯಲ್ಲಿ ಪತ್ರಿಕೆಯೊಂದಕ್ಕೆ ಬರೆದ. 1859ರ ಮೇ ತಿಂಗಳಲ್ಲಿ ಆತನೂ ಆತನ ಗೆಳೆಯರೂ ಕುಳಿತು ನಿಯಮಗಳನ್ನು ಬರೆದಿಟ್ಟರು. ಹೀಗೆ ಆರಂಭವಾದ ಮೆಲ್ಬರ್ನ್ ಕ್ಲಬ್ಬು ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಒಂದು. ಕೆಂಪು ಮತ್ತು ನೀಲಿ ಅದರ ಬಣ್ಣಗಳು. ‘ಡೀಮನ್ಸ್’ ಎಂಬುದು ಅದರ ಅಡ್ಡಹೆಸರು. ಅದರ ತವರು ಮೈದಾನವಾದ ಮೆಲ್ಬರ್ನ್ ಕ್ರಿಕೆಟ್ ಮೈದಾನದ ಹೆಸರು ಕನ್ನಡಿಗರಿಗೆ ಹೊಸದೇನೂ ಅಲ್ಲ. ಕರ್ನಾಟಕದ ಮಯಂಕ್ ಅಗರ್ವಾಲ್ 2018ರ ಡಿಸೆಂಬರಿನಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿ 76 ಓಟಗಳನ್ನು ಗಳಿಸಿದ್ದು ಅಲ್ಲಿಯೇ. ಒಂದು ಲಕ್ಷ ಜನ ಕೂರಬಲ್ಲ ಆ ಮೈದಾನದಲ್ಲಿ ಬೇಸಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ಫುಟ್‌ಬಾಲ್. ಪ್ರತಿ ವರ್ಷದ ಫುಟ್‌ಬಾಲ್ ಪ್ರಶಸ್ತಿಯನ್ನು ನಿರ್ಣಯಿಸುವ ‘ಗ್ರ್ಯಾಂಡ್ ಫೈನಲ್’ ಪಂದ್ಯವೂ ವಾಡಿಕೆಯಂತೆ ಅಲ್ಲಿಯೇ ನಡೆಯುತ್ತದೆ.

1964ರಲ್ಲಿ ಮೆಲ್ಬರ್ನ್ ತಂಡ ಕಾಲಿಂಗ್‌ವುಡ್ ತಂಡವನ್ನು ಕೇವಲ ನಾಲ್ಕು ಅಂಕಗಳಿಂದ ಸೋಲಿಸಿ ಪ್ರಶಸ್ತಿಯನ್ನು ಗೆದ್ದಿತು. ಗೆಲುವಿನ ಗೋಲನ್ನು ಹೊಡೆದವನು ರಕ್ಷಣೆಯ ಆಟಗಾರನಾದ ನೀಲ್ ಕ್ರಾಂಪ್ಟನ್. ನಾರ್ಮ್ ಸ್ಮಿತ್ ಎಂಬ ಶಿಕ್ಷಕನ ಕೈಕೆಳಗೆ ಹತ್ತು ವರ್ಷಗಳಲ್ಲಿ ತಂಡಕ್ಕೆ ಅದು ಆರನೆಯ ಪ್ರಶಸ್ತಿ. ಆ ದಿನ ಮೈದಾನದಲ್ಲಿದ್ದ ಲಕ್ಷಕ್ಕೂ ಮಿಕ್ಕ ಜನರಲ್ಲಿ ಒಬ್ಬನಾದರೂ, ಮುಂದಿನ ಪ್ರಶಸ್ತಿಗೆ ತನ್ನ ಆಯುಷ್ಯ ಸಾಲದೆ ಹೋದೀತೆಂದು ಭಾವಿಸಿರಲಾರ. ಮರುವರ್ಷವೇ ಆಡಳಿತದವರು ನಾರ್ಮ್ ಸ್ಮಿತ್‌ನನ್ನು ನಡುವಿನಲ್ಲಿ ಕೆಲಸದಿಂದ ತೆಗೆದರು. ಕೆಲವೇ ದಿನಗಳಲ್ಲಿ ಮರಳಿ ಕರೆದರು. ಕರೆದರೇನು, ಹೋದ ಅದೃಷ್ಟ ಜೊತೆಯಲ್ಲಿ ಬರಲಿಲ್ಲ. ಅದನ್ನು ಶಾಪವೆಂದು ಕರೆದವರೂ ಇದ್ದಾರೆ. ಆಟದ ತಂಡಗಳಿಗೆ ಶಾಪ ತಟ್ಟುವುದೆಂಬ ಮಾತು ವಿಚಾರಕ್ಕೆ ನಿಲ್ಲತಕ್ಕದ್ದಲ್ಲ. ಆದರೂ ವರ್ಷ ವರ್ಷವೂ ಸೋಲನ್ನೇ ಉಣ್ಣುವವರು ಕಾರಣವನ್ನು ಎಲ್ಲಿಯಾದರೂ ಹುಡುಕಲೇಬೇಕಲ್ಲ!

1987ರಲ್ಲಿ ತಂಡ ಗ್ರ್ಯಾಂಡ್ ಫೈನಲ್ಲಿನ ಹೊಸ್ತಿಲಿಗೆ ಬಂದು ನಿಂತಿತ್ತು. ಹಾಥಾರ್ನ್ ತಂಡದ ಎದುರು ನಾಲ್ಕು ಅಂಕಗಳ ಮುನ್ನಡೆ. ಎದುರಾಳಿಯ ಒಂದೇ ಒಂದು ಒದೆತ ಉಳಿದಿತ್ತು, ಅದೂ ಬಲು ದೂರದಿಂದ. ಆಗ ಐರ್ಲೆಂಡಿನಿಂದ ಬಂದು ಆಟ ಕಲಿಯುತ್ತಿದ್ದ ಜಿಮ್ ಸ್ಟೈನ್ಸ್ ಎಂಬ ಯುವಕ ಓಡಬಾರದ ಜಾಗದಲ್ಲಿ ಓಡಿಬಿಟ್ಟ. ದಂಡವಾಗಿ ಎದುರಾಳಿಗೆ ಹದಿನೈದು ಮೀಟರು ಹತ್ತಿರದಿಂದ ಒದೆಯುವ ಅವಕಾಶ ದೊರೆಯಿತು, ಗೋಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1988ರ ಗ್ರ್ಯಾಂಡ್ ಫೈನಲ್ಲಿನಲ್ಲಿ 96 ಅಂಕಗಳ ಸೋಲು, 2000ದಲ್ಲಿ 60 ಅಂಕಗಳ ಸೋಲು. ನಡುವೆ 1996ರಲ್ಲಿ ಕ್ಲಬ್ಬನ್ನೇ ಹಾಥಾರ್ನ್ ಕ್ಲಬ್ಬಿನೊಡನೆ ಬೆಸೆದುಬಿಡುವ ಮಾತೂ ನಡೆಯಿತು. ಮೆಲ್ಬರ್ನ್ ಸದಸ್ಯರು ಒಪ್ಪಿದರು. ಹಾಥಾರ್ನ್ ಸದಸ್ಯರು ಒಲ್ಲೆವೆಂದರು. ಕ್ಲಬ್ಬು ಉಳಿದದ್ದು ಎದುರಾಳಿಗಳ ನಿರಾಕರಣೆಯಿಂದ ಎಂಬುದು ಅಭಿಮಾನಿಗಳಿಗೆ ನುಂಗಲಾರದ ತುತ್ತು. 2011ರಲ್ಲಿ ಜೀಲಾಂಗ್ ತಂಡದ ಕೈಯಲ್ಲಿ 186 ಅಂಕಗಳ ಸೋಲು. ಭಾರಿ ಅಂತರವೆಂದರೆ ಏನೆಂಬುದನ್ನು ಈ ಜನ ಸೋತವರ ಸಾಲಿನಲ್ಲಿ ಕುಳಿತೇ ಚೆನ್ನಾಗಿ ಕಲಿತಿದ್ದರು.

ಓಡಬಾರದ ಜಾಗದಲ್ಲಿ ಓಡಿದ ಆ ಜಿಮ್ ಸ್ಟೈನ್ಸ್ ಏನಾದರು? ತಲೆತಪ್ಪಿಸಿಕೊಂಡು ಐರ್ಲೆಂಡಿಗೆ ಹಿಂದಿರುಗಲಿಲ್ಲ. ಎಡೆಬಿಡದೆ 244 ಪಂದ್ಯಗಳನ್ನಾಡಿ ದಾಖಲೆ ಸ್ಥಾಪಿಸಿದರು. 1991ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕವನ್ನು ಪಡೆದರು. 2008ರಲ್ಲಿ ಕ್ಲಬ್ಬು ಸಾಲದಲ್ಲಿ ಮುಳುಗಿದ್ದಾಗ ಅದರ ಅಧ್ಯಕ್ಷರಾಗಿ, ಕ್ಯಾನ್ಸರ್ ರೋಗದೊಡನೆ ಹೋರಾಡುತ್ತಲೇ ಆ ಸಾಲವನ್ನು ತೀರಿಸಿದರು. 2012ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ತೀರಿಕೊಂಡರು. ಮೆಲ್ಬರ್ನ್ ಕ್ರಿಕೆಟ್ ಮೈದಾನದ ಹೊರಗೆ ಅವರ ಪ್ರತಿಮೆ ನಿಂತಿದೆ. ತಂಡ ಪ್ರಶಸ್ತಿ ಗೆದ್ದುದನ್ನು ಅವರು ಕಾಣಲಿಲ್ಲ.

ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ನಾಡಿನಲ್ಲಿಯೂ ಇದ್ದಾರೆ. ಅಂಥವರು ಇಂಥ ತಂಡವನ್ನು ಬಿಟ್ಟು ಎಂದೋ ಬೇರೆಡೆಗೆ ಹೋಗಿರಬೇಕು. 2021ರ ವೇಳೆಗೆ ಉಳಿದಿದ್ದವರು ಸೋತ ಎತ್ತನ್ನೂ ಕೊಟ್ಟಿಗೆಯಲ್ಲಿ ಕಟ್ಟಿ ಹುಲ್ಲು ಹಾಕಿದವರು. 1964ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ಅರವತ್ತೇಳು. ಅವನು ಬಾಲ್ಯದ ಆ ನಾಲ್ಕು ಅಂಕಗಳ ಗೆಲುವನ್ನು ಮಕ್ಕಳಿಗೆ ಹೇಳಿ, ಮೊಮ್ಮಕ್ಕಳಿಗೆ ಹೇಳಿ, ಕೇಳುವವರಿಗೆ ಅದು ಪುರಾಣದ ಕಥೆಯಂತೆ ತೋರತೊಡಗಿತ್ತು.

ಆ ವರ್ಷ ತಂಡ ಲೀಗ್ ಪಂದ್ಯಗಳಲ್ಲಿ ಮೊದಲ ಸ್ಥಾನ ಪಡೆಯಿತು. ಹತ್ತು ವರ್ಷಗಳ ಹಿಂದೆ ತನ್ನನ್ನು ಧೂಳೀಪಟ ಮಾಡಿದ್ದ ಜೀಲಾಂಗ್ ತಂಡವನ್ನು ಸೆಪ್ಟೆಂಬರಿನಲ್ಲಿ 83 ಅಂಕಗಳಿಂದ ಸೋಲಿಸಿ ಗ್ರ್ಯಾಂಡ್ ಫೈನಲ್ಲಿಗೆ ನಡೆಯಿತು. ಆದರೆ ಆ ಹೊತ್ತಿಗೆ ಕೋವಿಡ್ ಸಾಂಕ್ರಾಮಿಕದ ಕಾರಣದಿಂದ ಮೆಲ್ಬರ್ನ್ ನಗರ ಆರನೆಯ ಲಾಕ್‌ಡೌನಿನಲ್ಲಿತ್ತು. ಆ ಕಾಲದ ಮುಚ್ಚಿದ ಶಾಲೆಗಳನ್ನೂ ಬರಿದಾದ ಬೀದಿಗಳನ್ನೂ ಕರ್ನಾಟಕದವರು ಮರೆತಿಲ್ಲ. ಮೆಲ್ಬರ್ನ್‌ನಲ್ಲಿ ಅದು ಇನ್ನೂ ದೀರ್ಘವಾಗಿತ್ತು. ಅಕ್ಟೋಬರಿನಲ್ಲಿ ನಿರ್ಬಂಧ ಸಡಿಲುವ ವೇಳೆಗೆ ಆ ಊರಿನ ಜನ ಒಟ್ಟು 262 ದಿನಗಳನ್ನು ಹಾಗೆ ಕಳೆದಿದ್ದರು. ನೆಂಟರ ಮನೆಗೆ ಹೋಗುವಂತಿಲ್ಲ. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಸಕಾರಣವಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಗ್ರ್ಯಾಂಡ್ ಫೈನಲ್ ಪಂದ್ಯವನ್ನು ದೇಶದ ಪಶ್ಚಿಮದ ತುದಿಯಲ್ಲಿರುವ ಪರ್ತ್ ನಗರಕ್ಕೆ ಸಾಗಿಸಲಾಯಿತು. ಮೆಲ್ಬರ್ನ್‌ನಿಂದ ಅಲ್ಲಿಗೆ ಸುಮಾರು 2,700 ಕಿಲೋಮೀಟರು. ಆ ರಾಜ್ಯದ ಗಡಿಯೂ ಮೆಲ್ಬರ್ನ್ ಜನರಿಗೆ ಮುಚ್ಚಿತ್ತು. ಐವತ್ತೇಳು ವರ್ಷ ಕಾದವರ ಪಾಲಿಗೆ ಉಳಿದದ್ದು ಮನೆಯ ದೂರದರ್ಶನ ಒಂದೇ.

ಸೆಪ್ಟೆಂಬರ್ 25ರ ಶನಿವಾರ. ಎದುರಾಳಿ ವೆಸ್ಟರ್ನ್ ಬುಲ್‌ಡಾಗ್ಸ್, ಅವರೂ ಮೆಲ್ಬರ್ನ್ ನಗರದವರೇ. ಪರ್ತ್‌ನ ಮೈದಾನದಲ್ಲಿ ಅರವತ್ತು ಸಾವಿರ ಜನ. ಅವರಲ್ಲಿ ಹೆಚ್ಚಿನವರು ಆ ಊರಿನವರು, ಅಂದರೆ ನೆರೆಮನೆಯ ಮದುವೆಗೆ ಬಂದ ಅತಿಥಿಗಳಂಥವರು. ಮೊದಲನೆಯ ಅವಧಿಯಲ್ಲಿ ಮೆಲ್ಬರ್ನ್ ಮುಂದಿತ್ತು. ಅರ್ಧ ಆಟ ಮುಗಿಯುವಾಗ ಎಂಟು ಅಂಕ ಹಿಂದೆ ಬಿದ್ದಿತು. ಮೂರನೆಯ ಅವಧಿಯಲ್ಲಿ ಆ ಅಂತರ ಹತ್ತೊಂಬತ್ತಕ್ಕೆ ಏರಿತು: 40ಕ್ಕೆ 59. ಸಾವಿರಾರು ಮನೆಗಳಲ್ಲಿ ಆಗ ಯಾವ ಮೌನ ಕವಿದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಹಳಬರಿಗೆ ಇದು ನೂರು ಸಲ ಕಂಡ ನಾಟಕ. ಮುಂದಿನ ಅಂಕ ಯಾವುದೆಂದು ಅವರಿಗೆ ಗೊತ್ತಿತ್ತು.

ಆದರೆ ಅಂದು ನಾಟಕ ಬದಲಾಯಿತು. ಆ ಘಟ್ಟದಿಂದ ಮುಂದೆ ಮೆಲ್ಬರ್ನ್ ತಂಡ ನೂರು ಅಂಕಗಳನ್ನು ಗಳಿಸಿತು. ಬುಲ್‌ಡಾಗ್ಸ್ ಗಳಿಸಿದ್ದು ಏಳೇ ಏಳು. ಮೂರನೆಯ ಅವಧಿ ಮುಗಿಯುವುದರೊಳಗೆ ಏಳು ಗೋಲುಗಳು ಮಳೆಯಂತೆ ಸುರಿದವು. ಕೊನೆಯ ಅವಧಿಯಲ್ಲಿ ಇನ್ನೂ ಒಂಬತ್ತು. ಬೇಲಿ ಫ್ರಿಟ್ಚ್ ಒಬ್ಬನೇ ಪಂದ್ಯದಲ್ಲಿ ಆರು ಗೋಲುಗಳನ್ನು ಹೊಡೆದ. ಕೊನೆಗೆ 140ಕ್ಕೆ 66; ಅಂತರ 74. ಪಂದ್ಯದ ಶ್ರೇಷ್ಠ ಆಟಗಾರನೆಂದು ಕ್ರಿಶ್ಚಿಯನ್ ಪೆಟ್ರಾಕಾ ಪಡೆದ ಪದಕದ ಹೆಸರು ನಾರ್ಮ್ ಸ್ಮಿತ್ ಪದಕ. ಶಾಪವನ್ನು ನಂಬಿದವರು ಇದಕ್ಕೆ ಏನು ಅರ್ಥ ಕಟ್ಟಿದರೋ!

ಭಾರಿ ಅಂತರದ ಗೆಲುವಿನಲ್ಲಿ ಸ್ವಾರಸ್ಯವಿಲ್ಲವೆಂದೂ, ಕೊನೆಯ ಕ್ಷಣದವರೆಗೆ ತೂಗಾಡುವ ಪಂದ್ಯವೇ ಪಂದ್ಯವೆಂದೂ ಹೇಳುವವರುಂಟು. ದಡದಲ್ಲಿ ನಿಂತು ನೋಡುವವರಿಗೆ ಈ ಮಾತು ಒಪ್ಪುತ್ತದೆ. ನಾಲ್ಕು ಅಂಕಗಳಿಂದ ಗೆದ್ದವನಿಗೆ ಸಂತೋಷಕ್ಕಿಂತ ಮೊದಲು ಬರುವುದು ನಿಟ್ಟುಸಿರು. ಎಪ್ಪತ್ತು ಅಂಕಗಳಿಂದ ಗೆಲ್ಲುವವನಿಗಾದರೋ ಪಂದ್ಯ ಮುಗಿಯುವ ಮೊದಲೇ ಸಂತೋಷಪಡಲು ಬಿಡುವು ದೊರೆಯುತ್ತದೆ. ಆ ಕೊನೆಯ ಅವಧಿಯ ಮಿನಿಟುಗಳು ಮೆಲ್ಬರ್ನ್ ಅಭಿಮಾನಿಗಳಿಗೆ ಅಂಥ ಬಿಡುವನ್ನು ಕೊಟ್ಟವು. ಅಳುವವರು ನಿಶ್ಚಿಂತೆಯಿಂದ ಅತ್ತರು. ತೀರಿಹೋದ ತಂದೆಯನ್ನೋ ಅಜ್ಜನನ್ನೋ ನೆನೆಯುವವರು ನೆನೆದರು. ಬೇರೆ ಬಡಾವಣೆಯಲ್ಲಿದ್ದ ಅಣ್ಣನಿಗೆ, ವೃದ್ಧಾಶ್ರಮದಲ್ಲಿದ್ದ ತಾಯಿಗೆ ದೂರವಾಣಿ ಮಾಡಿ, ಮಾತು ಹೊರಡದೆ ಸುಮ್ಮನೆ ಹಿಡಿದುಕೊಂಡು ಕುಳಿತವರೂ ಇದ್ದಿರಬೇಕು.

ಕೊನೆಯ ಸೈರನ್ ಮೊಳಗುವ ಮೊದಲೇ ಒಂಬತ್ತು ಗಂಟೆ ಕಳೆದಿತ್ತು, ಬೀದಿಗಿಳಿಯುವಂತಿರಲಿಲ್ಲ. ಬೇರೆ ವರ್ಷಗಳಲ್ಲಾದರೆ ಗೆದ್ದ ತಂಡದ ಬಡಾವಣೆಯ ಬೀದಿ ನಮ್ಮ ತೇರಿನ ಬೀದಿಯಂತೆ ತುಂಬಿಹೋಗುತ್ತಿತ್ತು. ಆ ರಾತ್ರಿ ತೇರು ಇತ್ತು, ಹಗ್ಗ ಹಿಡಿಯುವ ಕೈಗಳೂ ಇದ್ದವು. ಬೀದಿ ಮಾತ್ರ ಇರಲಿಲ್ಲ. ಜನ ಬೇಲಿಗೆ ಕೆಂಪು ನೀಲಿ ಪತಾಕೆಗಳನ್ನು ಕಟ್ಟಿದ್ದರು. ಜಗಲಿಗೆ ಬಂದು ಕೂಗಿದರೆ ಕತ್ತಲೆಯ ಆಚೆಯಿಂದ, ಮುಖ ಕಾಣದ ಇನ್ನೊಂದು ಜಗಲಿಯಿಂದ, ಮರುಕೂಗು ಬರಬೇಕು. ಉಣ್ಣೆಯ ಹಳೆಯ ಸ್ಕಾರ್ಫನ್ನು ಕೊರಳಿಗೆ ಸುತ್ತಿ ಮನೆಯೊಳಗೇ ಕ್ಲಬ್ಬಿನ ಹಾಡನ್ನು ಹಾಡಬೇಕು.

ಇಷ್ಟಕ್ಕೆ ತೃಪ್ತರಾಗದ ಇಬ್ಬರು ಅಭಿಮಾನಿಗಳು ಗಡಿಯ ನಿರ್ಬಂಧವನ್ನು ವಂಚಿಸಿ ಪರ್ತ್ ಸೇರಿ ಪಂದ್ಯವನ್ನು ನೋಡಿಯೇಬಿಟ್ಟರು. ಆಟಗಾರರ ನಡುವೆ ನಿಂತು ಸಂಭ್ರಮಿಸಿದರು. ಬಳಿಕ ಸೆರೆಮನೆಯನ್ನೂ ಕಂಡರು. ಅವರ ಆಸೆ ಅರ್ಥವಾಗದ್ದಲ್ಲ. ಆದರೆ ಅವರಷ್ಟೇ ಆಸೆಯುಳ್ಳ ಸಾವಿರಾರು ಜನ, ಅವರಿಗಿಂತ ಹೆಚ್ಚು ವರ್ಷ ಕಾದವರು, ಊರಿನ ಆರೋಗ್ಯಕ್ಕಾಗಿ ಹೊಸ್ತಿಲಿನ ಒಳಗೇ ಉಳಿದರು. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಸೋತ ಬುಲ್‌ಡಾಗ್ಸ್ ಮನೆಗಳಲ್ಲಿಯೂ ಬಾಗಿಲು ಮುಚ್ಚಿಯೇ ಇತ್ತು. 62 ವರ್ಷ ಕಾದು 2016ರಲ್ಲಿ ಪ್ರಶಸ್ತಿ ಗೆದ್ದಿದ್ದ ತಂಡ ಅದು. ನೆರೆಯವರ ಕೂಗಿನ ಅರ್ಥ ಅವರಷ್ಟು ಚೆನ್ನಾಗಿ ಬೇರಾರಿಗೆ ತಿಳಿದೀತು?

ನಿರ್ಬಂಧಗಳು ಸಡಿಲಿದ ಮೇಲೆ, ಡಿಸೆಂಬರಿನಲ್ಲಿ, ಕ್ಲಬ್ಬು ತನ್ನವರನ್ನೆಲ್ಲ ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ ಕರೆಯಿತು. ಫುಟ್‌ಬಾಲ್ ಋತು ಮುಗಿದಿತ್ತು. ಅದು ಕ್ರಿಕೆಟ್ಟಿನ ಕಾಲ, ಬೇಸಗೆ. ಆದರೂ ಜನ ಸಾವಿರ ಸಾವಿರವಾಗಿ ಬಂದರು. ಆಟಗಾರರು ಪ್ರಶಸ್ತಿಯ ಬಟ್ಟಲನ್ನು ಹೊತ್ತು ತಂದರು. ಪರ್ತ್‌ನ ಪಂದ್ಯವನ್ನು ಮೈದಾನದ ದೊಡ್ಡ ತೆರೆಯ ಮೇಲೆ ಮತ್ತೆ ತೋರಿಸಿದರು. ಒಂದೊಂದು ಗೋಲೂ ಯಾವಾಗ ಬೀಳುವುದೆಂದು ನೆರೆದವರಿಗೆಲ್ಲ ಬಾಯಿಪಾಠವಾಗಿತ್ತು. ಮನೆಯಲ್ಲಿ ಒಬ್ಬೊಬ್ಬರೇ ಕಂಡಿದ್ದ ಪಂದ್ಯವನ್ನು ಅವರು ಈಗ ಒಟ್ಟಿಗೆ ಕುಳಿತು, 40ಕ್ಕೆ 59ರ ಆ ಘಟ್ಟವನ್ನೂ ಬಿಡದೆ, ಮೊದಲಿನಿಂದ ನೋಡಿದರು.