ಕಾಕಾನ ಹೊಟ್ಟಿ ನೋವು

2021ರ ಮೇ ತಿಂಗಳು. ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರಿನ ರೂಮ್ ಖಾಲಿ ಮಾಡಿ ಯರಗುಪ್ಪಿ ಸೇರಿದ್ದೆ. ನೆಟ್‌ವರ್ಕ್ ಸಿಗುತ್ತಿದ್ದುದು ಮಾಳಿಗಿ ಮ್ಯಾಲೆ ಮಾತ್ರ. ಮೀಟಿಂಗ್ ನಡುವೆ ಕಣ್ಣೆತ್ತಿದರೆ ಹರಗಿಟ್ಟ ಯರಿ ಹೊಲ. ಕೆಳಗಿನ ಕೋಣೆಯಲ್ಲಿ ಕಾಕಾ, ಕೊರೊನಾ ಪಾಸಿಟಿವ್. ಆಕ್ಸಿಮೀಟರ್ 95 ತೋರಿಸುತ್ತಿತ್ತು. ಆ ಒಂದು ನಂಬರಿಗೇ ಮನೆಮಂದಿಯೆಲ್ಲ ಜೋತುಬಿದ್ದಿದ್ದೆವು.

ಐದನೇ ದಿನ ಹೊಕ್ಕುಳ ಸುತ್ತ ನೋವು, ವಾಂತಿ. ಗೂಗಲ್ ಮಾಡಿದರೆ ಕೊರೊನಾದಲ್ಲಿ ಇವೂ ಇರುತ್ತವೆ ಅಂತ ಬಂತು. ಸುಳ್ಳೇನಲ್ಲ. ವೈರಸ್ ಅಂಟಿಕೊಳ್ಳುವ ಎಸಿಇ2 ಪ್ರೋಟೀನ್ ಕರುಳಿನ ಒಳಪದರದಲ್ಲೂ ಇದೆ. ಅಜವಾನ ಕೊಟ್ಟೆವು, ಸೋಡಾ ಕುಡಿಸಿದೆವು. ಮರುದಿನ 'ತಮ್ಮಾ, ನೋವು ಬಲಕ್ಕ ಇಳದೈತಿ' ಅಂದ ಕಾಕಾ. ನನಗೆ ಸ್ಪ್ರಿಂಟ್ ರಿವ್ಯೂ ಇತ್ತು. ಹ್ಞೂಂ ಅಂದು ಮಾಳಿಗಿ ಹತ್ತಿದೆ.

ರಾತ್ರಿ ಹುಬ್ಬಳ್ಳಿಗೆ ಒಯ್ದಾಗ ಮೊದಲ ಆಸ್ಪತ್ರೆ ರಿಪೋರ್ಟ್ ನೋಡಿ ಗೇಟಿನಿಂದಲೇ ಕಳಿಸಿತು. ಎರಡನೆಯದರಲ್ಲಿ ಪಿಪಿಇ ಕಿಟ್ ತೊಟ್ಟ ಸರ್ಜನ್ ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಗಕ್ಕನೆ ಕೈ ಬಿಟ್ಟರು. ಒತ್ತಿದಾಗ ನರಳಿದ ಕಾಕಾ, ಬಿಟ್ಟಾಗ ಚೀರಿದ.

'ಅಪೆಂಡಿಕ್ಸ್ ರೀ. ಒಡದಿರಬಹುದು.'

ಎದೆ, ಹೊಟ್ಟೆ ಎರಡಕ್ಕೂ ಸಿಟಿ ಸ್ಕ್ಯಾನ್ ಆಯಿತು. ಕೊರೊನಾದಲ್ಲಿ ರಕ್ತ ಹೆಪ್ಪುಗಟ್ಟಿ ಕರುಳಿನ ರಕ್ತನಾಳವೇ ಮುಚ್ಚುವುದುಂಟು, ಅದಲ್ಲ ಅಂತ ಖಾತ್ರಿಯಾಗಬೇಕಿತ್ತು.

ಸಹಿಗೆ ಕಾಗದ ಬರುವಷ್ಟರಲ್ಲಿ ಓದಬಾರದ್ದನ್ನು ಮೊಬೈಲಿನಲ್ಲಿ ಓದಿದ್ದೆ. 2020ರ ಮೇ ತಿಂಗಳಲ್ಲಿ 'ದಿ ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನ. ಆಪರೇಷನ್ನಿನ ಆಸುಪಾಸು ಕೊರೊನಾ ಪತ್ತೆಯಾದ, 24 ದೇಶಗಳ 1,128 ರೋಗಿಗಳು. 30 ದಿನದೊಳಗೆ ತೀರಿಕೊಂಡವರು ಶೇ. 23.8. ಮೊಬೈಲನ್ನೇ ಡಾಕ್ಟರ ಮುಂದೆ ಹಿಡಿದೆ.

'ಅದ್ರಾಗ ಎಲ್ಲಾ ನಮೂನಿ ಆಪರೇಷನ್ ಅದಾವ್ರಿ' ಅಂದರು. 'ಮುಂದಕ್ಕ ಹಾಕೂ ಅಂಥಾದ್ದಿದ್ರ ನಾನ ಹಾಕ್ತಿದ್ದೆ. ಹೊಟ್ಟಿ ತುಂಬ ಕೀವು ಹರಡಿದ್ರ ಏನ್ ಮಾಡ್ತೀರಿ? ಇದು ಕಾಯಂಗಿಲ್ರಿ.'

ಸಹಿ ಮಾಡಿದೆ. ಅಕ್ಷರ ನನ್ನದೇ ಅನ್ನುವ ಹಾಗಿರಲಿಲ್ಲ.

ಅಪೆಂಡಿಕ್ಸ್ ಒಡೆದಿತ್ತು. ಹನ್ನೊಂದು ದಿನ ಆಸ್ಪತ್ರೆ, ಅದರಲ್ಲಿ ನಾಲ್ಕು ದಿನ ಆಕ್ಸಿಜನ್. ಕಾಕಾ ಮನೆಗೆ ಬಂದ. ನಾನು ಕಿವಿಗೆ ಹಾಕಿಕೊಳ್ಳದ ಆ ಮಾತನ್ನು ಅವನು ಇವತ್ತಿಗೂ ಎತ್ತಿಲ್ಲ. ಎತ್ತಿ ಬೈದಿದ್ದರೆ ಚಲೋ ಇತ್ತು.

ಈಗ ಮನೆಯಲ್ಲಿ ಯಾರಿಗೇ ಹೊಟ್ಟೆ ನೋಯಲಿ, ಅಂಗಾತ ಮಲಗಿಸಿ, ಒತ್ತಿ, ಗಕ್ಕನೆ ಕೈ ಬಿಡುತ್ತಾನೆ. 'ಬಿಟ್ಟಾಗ ನೋವಾತೇನಲೇ?' ಮೊನ್ನೆ ಸಾಲಿ ತಪ್ಪಿಸಲು ಹೊಟ್ಟಿನೋವು ಅಂದ ಅಣ್ಣನ ಮಗ, ಕಾಕಾ ಒತ್ತುವ ಮೊದಲೇ ಚೀರಿದ.