ವೈಸ್ ಸಿಟಿಗೆ ಹದಿಮೂರರ ಹುಡುಗ ಹೋಗಬಹುದೇ?

ಎರಡು ದಶಕಗಳ ಹಿಂದೆ ಕುಂದಾಪುರದ ಸೈಬರ್ ಕೆಫೆಗಳಲ್ಲಿ ಕುಳಿತೆದ್ದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ‘ಜಿಟಿಎ ವೈಸ್ ಸಿಟಿ’ಯನ್ನು ಪರಿಚಯಿಸಬೇಕಾಗಿಲ್ಲ. 2002ರಲ್ಲಿ ಪ್ಲೇಸ್ಟೇಷನ್‌ಗೆ, ಮರುವರ್ಷ ಕಂಪ್ಯೂಟರಿಗೆ, 2012ರಲ್ಲಿ ಮೊಬೈಲಿಗೂ ಬಂದ ಆಟವದು. ಅಂದು ಆಡಿದವರು ಇಂದು ತಂದೆತಾಯಿಯರಾಗಿ, “ಮಕ್ಕಳಿಗೆ ಕೊಡಬಹುದೇ ಸಾರ್?” ಎಂದು ಕೇಳುತ್ತಾರೆ. ರಜೆಗೆ ಕೊಲ್ಲೂರಿಗೆ ಬಂದಿದ್ದ ಎಂಟನೆಯ ತರಗತಿಯ ಮೊಮ್ಮಗನೂ ಅದನ್ನೇ ಕೇಳಿದ. ಮಗಳು ಫೋನಿನಲ್ಲಿ, “ಅಪ್ಪಯ್ಯ, ನೀವು ಹೇಳಿದ ಹಾಗೆ” ಎಂದು ಭಾರವನ್ನು ನನ್ನ ಹೆಗಲಿಗೇರಿಸಿದಳು. ಉತ್ತರಪತ್ರಿಕೆ ಓದದೆ ಅಂಕ ಹಾಕುವ ಅಭ್ಯಾಸ ನನಗಿಲ್ಲ. ನೆರೆಮನೆಯ ಕಾಲೇಜು ಯುವಕನನ್ನು ಕರೆದು ಮೂರು ಸಂಜೆ ಆಡಿಸಿ ನೋಡಿದೆ.

1986ರ ಕಾಲ, ಮಯಾಮಿಯನ್ನು ಹೋಲುವ ಕಲ್ಪಿತ ನಗರ. ಹದಿನೈದು ವರ್ಷ ಸೆರೆಯಲ್ಲಿದ್ದು ಹೊರಬಂದ ಟಾಮಿ ಎಂಬವನು ಮಾದಕವಸ್ತುವಿನ ವ್ಯವಹಾರದಲ್ಲಿ ಕಳೆದುಕೊಂಡ ಹಣದ ಬೆನ್ನು ಹತ್ತುತ್ತಾನೆ. ಕಾರು ಕದಿಯಬಹುದು, ದಾರಿಹೋಕರನ್ನು ಕೆಡವಬಹುದು. ಅಪರಾಧ ಹೆಚ್ಚಿದಂತೆ ಪರದೆಯ ಮೂಲೆಯಲ್ಲಿ ನಕ್ಷತ್ರಗಳು ಹೆಚ್ಚುತ್ತವೆ. ಆರಾದರೆ ಸೇನೆಯೇ ಬರುತ್ತದೆ. ಆದರೆ ಕಾರಿಗೆ ಹೊಸ ಬಣ್ಣ ಬಳಿಸಿಕೊಂಡರೆ ಪೊಲೀಸರು ಬೆನ್ನು ಬಿಡುತ್ತಾರೆ!

“ಅಜ್ಜಯ್ಯ, ಮಾರಣಕಟ್ಟೆ ಮೇಳದ ಆಟದಲ್ಲೂ ಕೊಲ್ಲುತ್ತಾರಲ್ಲ?” ಎಂದ ಮೊಮ್ಮಗ. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಯಕ್ಷಗಾನಕ್ಕೂ ‘ಆಟ’ವೆಂದೇ ಹೆಸರು. ಮಹಿಷಾಸುರನ ಪ್ರವೇಶವನ್ನು ಕಾಣಲು ನಿದ್ದೆಗೆಟ್ಟು ಕುಳಿತ ಬಾಲ್ಯ ನನ್ನದೂ ಹೌದು. ರಕ್ತವೊಂದೇ ನನ್ನ ಆಕ್ಷೇಪವಲ್ಲ. ಅಲ್ಲಿ ಹುಡುಗ ಚಾಪೆಯ ಮೇಲೆ ಕುಳಿತ ಪ್ರೇಕ್ಷಕ. ಇಲ್ಲಿ ವೇಷ ಕಟ್ಟಿದವನು ಅವನೇ. ಅಲ್ಲಿ ದುಷ್ಟನ ಮಾತಿಗೆ ಎದುರುಮಾತು ಇದ್ದೇ ಇರುತ್ತದೆ. ಇಲ್ಲಿ ಚಕ್ರದಡಿ ಬಿದ್ದವನಿಗೆ ಹೆಸರೂ ಇಲ್ಲ.

ಇನ್ನೊಂದು ಸಂಗತಿ ಗುಂಡಿನ ಸದ್ದಿಗಿಂತ ಹೆಚ್ಚು ನನ್ನನ್ನು ಕಾಡಿತು. ಹೈಟಿ ಮೂಲದವರನ್ನು ಕೊಲ್ಲಿರೆಂಬ ಮಾತು ಇದರಲ್ಲಿತ್ತೆಂದು 2003ರಲ್ಲಿ ನ್ಯೂಯಾರ್ಕಿನಲ್ಲಿ ಆ ಸಮುದಾಯದವರು ಪ್ರತಿಭಟಿಸಿದರು. ಮುಂದಿನ ಪ್ರತಿಗಳಿಂದ ಅದನ್ನು ತೆಗೆಯಲು ತಯಾರಕರು ಒಪ್ಪಿದರು. ಜಾತಿಯ ಹೆಸರೊಂದು ತರಗತಿಯಲ್ಲಿ ಬೈಗುಳವಾಗಿ ಹರಿದಾಡುವುದು ಹೇಗೆಂಬುದನ್ನು ಕಂಡ ಅಧ್ಯಾಪಕನಿಗೆ ಇದು ಸಣ್ಣ ವಿಷಯವಲ್ಲ.

ಆಟದಲ್ಲಿ ಒಳ್ಳೆಯದೇ ಇಲ್ಲವೆನ್ನಲಾರೆ. ಇಡೀ ನಗರದ ನಕ್ಷೆ ತಲೆಯಲ್ಲಿ ನಿಲ್ಲುತ್ತದೆ. ನಮ್ಮ ಭೂಗೋಳ ಪಾಠ ಅಷ್ಟು ನಿಂತದ್ದನ್ನು ಕಾಣೆ. ಆಂಬುಲೆನ್ಸ್ ಏರಿ ಗಾಯಾಳುಗಳನ್ನು ಆಸ್ಪತ್ರೆಗೆ ಮುಟ್ಟಿಸುವ ಕೆಲಸವೂ ಇದೆ. ಹನ್ನೆರಡು ಹಂತ ಪೂರೈಸಿದರೆ ನಾಯಕ ದಣಿಯದೆ ಓಡಬಲ್ಲ. ನೆರೆಮನೆಯ ಯುವಕ ನಾನು ಕೇಳುವತನಕ ಅತ್ತ ತಿರುಗಲಿಲ್ಲವೆನ್ನಿ. ಬೀದಿಬೀದಿ ಸುತ್ತಿಸಿದ ಮೇಲೆ ಹೊಳೆಯಿತು: ಅಷ್ಟು ದೊಡ್ಡ ಊರಿನಲ್ಲಿ ಒಂದು ಮಗುವೂ ಇಲ್ಲ. ತಯಾರಕರೇ ಮಕ್ಕಳನ್ನು ಒಳಗೆ ಬಿಟ್ಟಿಲ್ಲ.

ಅಮೆರಿಕದ ವರ್ಗೀಕರಣ ಹದಿನೇಳು, ಯುರೋಪಿನದು ಹದಿನೆಂಟು ಎನ್ನುತ್ತದೆ. ನಾನೂ ದ್ವಿತೀಯ ಪಿಯುಸಿಯ ತನಕ ಬೇಡವೆಂದೆ. ಕಾರಣಗಳನ್ನು ಒಂದೊಂದಾಗಿ ಹೇಳಿಯೇ ಬೇಡವೆಂದೆ. “ಬರೀ ಆಂಬುಲೆನ್ಸ್ ಓಡಿಸುತ್ತೇನೆ” ಎಂದು ರಾಜಿಗೆ ಬಂದ. ಆ ಆಂಬುಲೆನ್ಸನ್ನೂ ಮೊದಲು ಕದಿಯಲೇಬೇಕಲ್ಲ ಎಂದೆ. ಎರಡು ದಿನ ಮಾತು ಬಿಟ್ಟ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಶಿಷ್ಯರು, ಕಳ್ಳತನವಿಲ್ಲದೆ ಊರು ಸುತ್ತಿಸುವ ಆಟ ಯಾವುದಾದರೂ ಇದ್ದರೆ ತಿಳಿಸಿರಿ. ದಸರಾ ರಜೆಗೆ ಮತ್ತೆ ಬರುತ್ತಾನೆ.